ಮೇಷ್ಟ್ರು ಚಾಪೆಗೆ ಇಳಿದ ಬೆಳಿಗ್ಗೆ

ನಮ್ಮ ಇಂಗ್ಲಿಷ್ ಮೇಷ್ಟ್ರ ಗಂಟಲಮಣಿ ನಾಟಿಕೋಳಿ ಮೊಟ್ಟೆಯಷ್ಟು ದಪ್ಪ. ‘ಡು ನಾಟ್’ ಎನ್ನುವಾಗ ಅದು ಸರ್ರನೆ ಗದ್ದದವರೆಗೆ ಏರಿ, ‘ಡು’ವಿಗೂ ‘ನಾಟ್’ಗೂ ನಡುವೆ ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಗಂಭೀರವಾಗಿ ಕೆಳಗಿಳಿಯುತ್ತಿತ್ತು. ನಾನು ಊರವರನ್ನೆಲ್ಲ ಅಣಕಿಸುವವನು. ಡೇರಿ ಸೆಕ್ರೆಟರಿಯ ಕೆಮ್ಮು, ಕಂಡಕ್ಟರನ ಸೀಟಿ, ನಮ್ಮಪ್ಪನ ಗೊರಕೆ, ಹುಡುಗಿಯರ ಮುಂದೆ ಕೀರಲಾಗುವ ನನ್ನದೇ ದನಿ, ಎಲ್ಲ ಬರುತ್ತೆ. ಮೇಷ್ಟ್ರ ದನಿಯೂ ಬರುತ್ತಿತ್ತು. ಆ ಗಂಟಲಮಣಿ ಮಾತ್ರ ನನ್ನ ಕಡ್ಡಿ ಕುತ್ತಿಗೆಗೆ ಒಗ್ಗಲಿಲ್ಲ.

ನಮ್ಮ ಮದ್ದೂರು ಕಡೆಯ ಕೊಪ್ಪದ ಸುತ್ತಿನ ಎರಡು ತಲೆಮಾರಿಗೆ ಇಂಗ್ಲಿಷ್ ಕಲಿಸಿದವರು ಅವರು. ಅವರ ಇಂಗ್ಲಿಷ್ ಇಸ್ತ್ರಿ ಹಾಕಿದ್ದು, ಒಂದು ಸುಕ್ಕಿಲ್ಲ. ಪರೀಕ್ಷೆಯಲ್ಲಿ ‘ಡೋಂಟ್’ ಎಂದು ಬರೆದರೆ ಕೆಂಪು ಶಾಯಿಯ ಸುತ್ತು. ‘ಪುಟ್ ಆಫ್’ ಎಂದರೆ ಇನ್ನೊಂದು ಸುತ್ತು, ಪಕ್ಕದಲ್ಲಿ ‘ಪೋಸ್ಟ್‌ಪೋನ್’. “ಅದು ಬೀದಿ ಮಾತು ಕಣ್ಲಾ. ಪೂರ್ತಿ ಮಾತಾಡು, ಅರ್ಧ ನುಂಗ್ಬ್ಯಾಡ,” ಎನ್ನುತ್ತಿದ್ದರು. ಹೀಗಾಗಿ ನಮ್ಮ ಕಡೆಯವರು ಯಾರೇ ಇಂಗ್ಲಿಷ್ ಆಡಿದರೂ ಕೋರ್ಟಿನ ನೋಟೀಸು ಓದಿದಂತಿರುತ್ತಿತ್ತು. ರಿಟೈರಾಗಿ ಹನ್ನೊಂದು ವರ್ಷವಾದರೂ ಬೆಳಿಗ್ಗೆ ಏಳಕ್ಕೆ ಮನೆ ಜಗಲಿಯ ಮೇಲೆ ಚಾಪೆ ಹಾಸಿ, ಬಂದ ಮಕ್ಕಳಿಗೆ ಪಾಠ ಹೇಳುತ್ತಿದ್ದರು.

ಡಿಗ್ರಿ ಮುಗಿಸಿ ಎರಡು ವರ್ಷ ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ನನಗೆ, ಬೆಳಕವಾಡಿಯಿಂದ ಮುಂದೆ ಶಿವನಸಮುದ್ರದ ದಾರಿಯಲ್ಲಿರುವ ಒಂದು ರೆಸಾರ್ಟಿನಿಂದ ಇಂಟರ್‌ವ್ಯೂಗೆ ಕರೆ ಬಂತು. ರಿಸೆಪ್ಷನ್ ಕೆಲಸ. ವಿದೇಶದವರು ಬಂದಿಳಿಯುವ ಜಾಗ. ಮ್ಯಾನೇಜರ್ ಮೇಡಂ ತಾವೇ ಅತಿಥಿಯಂತೆ ನಟಿಸುತ್ತಾ, “ಅವರ್ ಕ್ಯಾಬ್ ಡಿಡಂಟ್ ಟರ್ನ್ ಅಪ್, ಅಂಡ್ ವಿ ಕಾಂಟ್ ಪುಟ್ ಇಟ್ ಆಫ್,” ಎಂದರು, ಸಾಸಿವೆ ಸಿಡಿದ ಹಾಗೆ ಪಟಪಟನೆ. ನಾನು ಸೆಟೆದು ನಿಂತು, “ಐ ಡು ನಾಟ್ ಕಾಂಪ್ರೆಹೆಂಡ್, ಮೇಡಂ. ಕೈಂಡ್ಲಿ ಎಲಾಬೊರೇಟ್,” ಎಂದೆ. ಆಕೆ ನಕ್ಕುಬಿಟ್ಟರು. ಟ್ಯಾಕ್ಸಿ ಬರಲೇ ಇಲ್ಲ, ಹೊರಡುವುದನ್ನು ಮುಂದಕ್ಕೆ ಹಾಕುವ ಹಾಗೂ ಇಲ್ಲ ಎಂದು ಅದರ ಅರ್ಥವಂತೆ. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಬನ್ನಿ, ಅದೇ ಕೊನೆ ಎಂದರು.

ಅಪ್ಪನಿಗೆ ಹೇಳಿದೆ. “ಆಗ್ನಿಲ್ಲ ಅಂದ್ರೆ ಕಬ್ಬು ಕಡಿಯಾಕೆ ಬಾ. ಅಲ್ಲೂ ಅಣಕಿಸ್ಕೊಂಡಿರು. ಕಬ್ಬು ಮಾತ್ರ ನಗಕಿಲ್ಲ,” ಅಂದ.

ಮಾರನೆಯ ಬೆಳಿಗ್ಗೆ ಡೇರಿ ಮುಂದೆ ಹಾಲಿನ ಸಾಲಿನಲ್ಲಿ ನಿಂತು ಆ ಇಡೀ ಪ್ರಸಂಗ ಆಡಿ ತೋರಿಸಿದೆ. ಮೇಡಂ ದನಿ, ನನ್ನ ದನಿ, ಕೊನೆಗೆ ಈ ಅನಾಹುತಕ್ಕೆಲ್ಲ ಮೂಲಪುರುಷರಾದ ಮೇಷ್ಟ್ರ ದನಿ. “ಡು... ನಾಟ್... ನುಂಗ್ಬ್ಯಾಡ!” ಜನ ಕ್ಯಾನಿನ ಮೇಲೆ ಬಿದ್ದು ನಕ್ಕರು. ಇದ್ದಕ್ಕಿದ್ದಂತೆ ನಗು ನಿಂತಿತು. ತಿರುಗಿದರೆ ಹಿಂದೆ ಮೇಷ್ಟ್ರು, ಕೈಯಲ್ಲಿ ಹಾಲಿನ ಕ್ಯಾನು.

“ಇನ್ನೊಂದ್ ಸಲ ಮಾಡ್ಲಾ,” ಎಂದರು.

“ತಪ್ಪಾಯ್ತು ಬುಡಿ ಸಾ.”

“ನನ್ನ ಮಾಡ್ಬ್ಯಾಡ. ನಾನೆಂಗೆ ಮಾತಾಡ್ತೀನಿ ಅಂತ ನಂಗೊತ್ತು. ಆ ಮೇಡಮ್ಮುನ್ನ ಮಾಡು.”

ಮಾಡಿದೆ. ಕಣ್ಣು ಮುಚ್ಚಿ ಕೇಳಿದರು. ಮತ್ತೆ ಮಾಡಿಸಿದರು. ಐದನೆಯ ಸಲಕ್ಕೆ ಕಣ್ಣು ತೆರೆದರು. “ಇವೆಲ್ಲ ನಂಗೊತ್ತಿರೋ ಮಾತೇ ಕಣ್ಲಾ. ಬರ್ದಿದ್ರೆ ಗುರ್ತು ಹಿಡೀತಿದ್ದೆ. ಬಾಯಿಂದ ಬಂದ್ರೆ ಸಿಕ್ತಾ ಇಲ್ಲ.” ಹಾಲು ಹಾಕಿ ಬಂದು ಮತ್ತೆ ನನ್ನ ಮುಂದೆ ನಿಂತರು. “ನಿಂಗೆ ಕಿವಿ ಅದೆ, ಅರ್ಥ ಇಲ್ಲ. ನಂಗೆ ಅರ್ಥ ಅದೆ, ಕಿವಿ ಇಲ್ಲ. ಸಂಜೆ ಮನೆ ತಾವ್ ಬಾ.”

ಹಾಗೆ ಶುರುವಾಯಿತು. ಮೊಬೈಲಿನಲ್ಲಿ ಬರುವ ವಿದೇಶಿಯರ ಅಡುಗೆ, ಜಗಳ, ಹರಟೆಗಳನ್ನು ನೇರ ಕೇಳಿದರೆ ಮೇಷ್ಟ್ರಿಗೆ ಬರೀ ಸದ್ದು. ಅದೇ ಸದ್ದನ್ನು ನಾನು ಒಂಚೂರೂ ಕೆಡಿಸದೆ ಎಮ್ಮೆ ನಡಿಗೆಯಲ್ಲಿ ಆಡಿದರೆ ಮಾತು. ನನಗೆ ಒಂದಕ್ಷರ ತಿಳಿಯದಿದ್ದರೂ ಗಿಣಿಯಂತೆ ಒಪ್ಪಿಸುತ್ತಿದ್ದೆ. ಅವರು ಕೊಟ್ಟಿಗೆ ಮುಂದೆ ಕೂತು, ನೋಟ್‌ಬುಕ್ಕಿನಲ್ಲಿ ಬಿಡಿಸಿ ಬರೆದು, ಅರ್ಥ ಹೇಳುತ್ತಿದ್ದರು. ‘ವೋಂಟ್ ಪುಟ್ ಅಪ್ ವಿತ್’ ಅಂದರೆ ಸಹಿಸಿಕೊಳ್ಳುವುದಿಲ್ಲ. ‘ಹ್ಯಾವಂಟ್ ರನ್ ಔಟ್’ ಅಂದರೆ ಇನ್ನೂ ಖಾಲಿಯಾಗಿಲ್ಲ. ಇಂಥದ್ದೊಂದು ಕೈಗೆ ಸಿಕ್ಕಿತೋ, ಎದ್ದುಹೋಗಿ ಎಮ್ಮೆಯ ಬೆನ್ನು ತಟ್ಟುತ್ತಿದ್ದರು. ಆ ತಿಂಗಳು ಕಷ್ಟಪಟ್ಟವನು ನಾನು, ಶಹಬಾಸ್ ಎಲ್ಲ ಎಮ್ಮೆಗೆ.

ಒಂದು ಸಂಜೆ ಪೆನ್ನು ಕೆಳಗಿಟ್ಟು, “ಎಷ್ಟು ಮಕ್ಳ ಪೇಪರಲ್ಲಿ ಇದುಕ್ಕೆಲ್ಲ ಸುತ್ತು ಹಾಕಿವ್ನಿ ಗೊತ್ತೇನ್ಲಾ?” ಎಂದರು.

“ನನ್ನೊಬ್ಬನ ಪೇಪರ್‌ಗೇ ಒಂದು ಬಾಟ್ಲಿ ಇಂಕು ಸುರ್ದಿದ್ರಿ ಸಾ,” ಎಂದೆ.

ನಗಲಿಲ್ಲ. ಬೆಳಿಗ್ಗೆ ಏಳಕ್ಕೆ ಜಗಲಿಗೆ ಬರಲು ಹೇಳಿ ಒಳಗೆ ಹೋದರು.

ಹೋದೆ. ಚಾಪೆಯ ಮೇಲೆ ಮಕ್ಕಳು ಸಾಲಾಗಿ ಕೂತಿದ್ದವು. ಮೇಷ್ಟ್ರು ನನ್ನನ್ನು ತಾವು ನಿಲ್ಲುವ ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ಪಂಚೆ ಮೇಲಕ್ಕೆತ್ತಿ, ಗೋಡೆ ಹಿಡಿದು, ಎಪ್ಪತ್ತೊಂದು ವರ್ಷದ ಮಂಡಿಗಳನ್ನು ಒಂದೊಂದಾಗಿ ಮಡಚಿ, ಆರನೇ ಕ್ಲಾಸಿನ ಇಬ್ಬರು ಹುಡುಗಿಯರ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಹುಡುಗಿಯರು ಗಾಬರಿಯಿಂದ ಸರಿದು ಜಾಗ ಬಿಟ್ಟರು.

ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು. “ಇದೇನ್ರೀ, ಮಕ್ಳ ಸಾಲಲ್ಲಿ ಕುಂತಿದ್ದೀರಾ? ಅದೂ ಈ ಕೋತಿ ಮುಂದೆ! ನೋಡ್ದೋರು ಏನಂದ್ಕಂಡಾರು?”

“ಕಲೀತಾವ್ನೆ ಅಂದ್ಕತಾರೆ. ಕಾಫಿ ಅಲ್ಲಿಟ್ಟೋಗು.” ಆಮೇಲೆ ಮಕ್ಕಳ ಕಡೆ ತಿರುಗಿದರು. “ಡೋಂಟು, ಪುಟ್ ಆಫು, ಇದೆಲ್ಲ ಬೀದಿ ಮಾತು, ತಪ್ಪು ಅಂತ ನಿಮ್ಗೆ ಹೇಳ್ಕೊಟ್ಟಿದ್ದೆ. ನಿಮ್ಮ ಅಪ್ಪಂದಿರ್ಗೂ ಹೇಳ್ಕೊಟ್ಟಿದ್ದೆ. ತಪ್ಪು ನಂದು. ಪುಸ್ತಕದಲ್ಲಿ ನಾನು ಹಾಕಿರೋ ಸುತ್ತು ಇದ್ರೆ ನಾಳಿಕೆ ತನ್ನಿ, ನಾನೇ ಹೊಡ್ದಾಕ್ತೀನಿ.”

ನಾನು ಒಂದು ವಾಕ್ಯ ಆಡಿದೆ. ಮಕ್ಕಳು ಹೇಳಿದವು. ಮೇಷ್ಟ್ರ ಬಾಯಿ ತಡವರಿಸಿತು. ಅವರು ಬಲಗೈ ಎತ್ತಿದರು.

“ಸಾರ್, ಇನ್ನೊಂದ್ ಸಲ ಅನ್ನಿ.”

ಹಾಗಂದದ್ದು ನನಗೆ! ಸುತ್ತ ನೋಡಿದೆ, ಬೇರೆ ಯಾವ ಸಾರೂ ಇರಲಿಲ್ಲ. ಮುಖದಲ್ಲಿ ತಮಾಷೆಯ ಒಂದು ಗೆರೆಯೂ ಇಲ್ಲ. ಗುಡ್ಡ ತಾನಾಗಿ ಬಂದು ಎದುರಿಗೆ ಕೂತರೆ ಏನು ಮಾಡಬೇಕು, ನನಗಂತೂ ಗೊತ್ತಿರಲಿಲ್ಲ. ಹೇಗೋ ಇನ್ನೊಂದು ಸಲ ಅಂದೆ. ಅವರು ಹನ್ನೆರಡು ಸಲ ಅಂದರು.

ತಿಂಗಳು ತುಂಬಿದ ದಿನ ರೆಸಾರ್ಟಿಗೆ ನನ್ನ ಜೊತೆ ಮೇಷ್ಟ್ರೂ ಹೊರಟರು. ಮದ್ದೂರಿಗೆ ಒಂದು ಬಸ್ಸು, ಮಳವಳ್ಳಿಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ಅವರು ಗೇಟಿನ ಹೊರಗೆ ಹೊಂಗೆ ಮರದಡಿ ನಿಂತರು, ನಾನು ಒಳಗೆ ಹೋದೆ. ಮೇಡಂ ಈ ಸಲ ಸಿಟ್ಟಿನ ಅತಿಥಿ. ಬಿಸಿನೀರು ಬರುತ್ತಿಲ್ಲವಂತೆ, “ವಿ ವೋಂಟ್ ಪುಟ್ ಅಪ್ ವಿತ್ ದಿಸ್!” ಕೊಟ್ಟಿಗೆ ಮುಂದೆ ಕೇಳಿದ ಮಾತು ಅಷ್ಟು ದೂರದ ನುಣ್ಣನೆ ನೆಲದ ಮೇಲೆ ಎದುರಾಯಿತು. “ಡೋಂಟ್ ವರಿ, ಮೇಡಂ. ವಿ ವೋಂಟ್ ಲೆಟ್ ಯೂ ಡೌನ್,” ಎಂದೆ. ನಿಮ್ಮ ಕೈ ಬಿಡುವುದಿಲ್ಲ ಎಂದು ಅದರ ಅರ್ಥ. ಮೇಡಂ ಇನ್ನೂ ಹತ್ತಾರು ಕೇಳಿದರು. ಬಹಳಷ್ಟಕ್ಕೆ ಉತ್ತರ ಬಂತು, ಕೆಲವಕ್ಕೆ ಹಲ್ಲು ಬಿಟ್ಟೆ.

ಹೊರಗೆ ಬಂದರೆ ಮೇಷ್ಟ್ರು ಪೆನ್ನಿನ ಕ್ಯಾಪು ತೆಗೆದು ತಯಾರಾಗಿದ್ದರು. “ಏನೇನಂದ್ಲು ಆವಮ್ಮ? ಅಂದಂಗೇ ಅನ್ನು.”

ಗೇಟಿನಲ್ಲೇ ಇಡೀ ಇಂಟರ್‌ವ್ಯೂ ಆಡಿದೆ. ವಾಚ್‌ಮನ್ ಕುರ್ಚಿ ಬಿಟ್ಟು ಎದ್ದು ಬಂದ. ಮೇಷ್ಟ್ರು ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಹೊಸವು ಎರಡನ್ನು ಬರೆದುಕೊಂಡರು, ಅವನ್ನು ಬಾಯಲ್ಲಿ ಮೆಲ್ಲುತ್ತಲೇ ರಸ್ತೆಗೆ ನಡೆದರು. ಬಸ್ಸು ದೂರದಲ್ಲಿ ಕಂಡಾಗ ತಟ್ಟನೆ ನಿಂತರು.

“ಅಯ್ಯೋ, ಕೆಲ್ಸ ಏನಾಯ್ತ್ಲಾ?”

“ಸಿಕ್ತು ಸಾ. ಒಂದನೇ ತಾರೀಕಿಂದ.”

ಮೇಷ್ಟ್ರು ನನ್ನ ಬೆನ್ನು ತಟ್ಟಿದರು. “ಹಂಗಾದ್ರೆ ಇನ್ಮೇಲೆ ದಿನಾ ಕೇಳ್ತೀಯ. ಅಲ್ಲೇ ಬುಟ್ಬರ್ಬ್ಯಾಡ, ತಂದು ಒಪ್ಸು.”

ಸೋಮವಾರ ನನಗೆ ವಾರದ ರಜೆ. ಅತಿಥಿಗಳಾಡಿದ ಮಾತುಗಳನ್ನು ಬಾಯಲ್ಲಿ ತುಂಬಿಕೊಂಡು ಬೆಳಿಗ್ಗೆ ಏಳಕ್ಕೆ ಕೊಪ್ಪದ ಆ ಜಗಲಿಗೆ ಹೋಗುತ್ತೇನೆ. ಈಚೆಗೆ ಕೆಲವು ಮಕ್ಕಳು ನನ್ನನ್ನೂ ಮೇಷ್ಟ್ರೇ ಎನ್ನತೊಡಗಿವೆ. ನಾನು ಚಾಪೆಯ ಮೇಲೆ ಅವರ ನಡುವೆಯೇ ಕೂತಿರುವ ಮೇಷ್ಟ್ರ ಕಡೆ ಕೈ ತೋರಿಸುತ್ತೇನೆ.