ಆಂಟಿ ಆರಿಸಿದ ಜೋಡುನಳಿಗೆ ಕೋವಿ

ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟು ಹ್ಯಾಮಿಲ್ಟನ್ನಿನ ರೊಟೊಟೂನ ಬಡಾವಣೆಯ ಆಂಟಿ ಕೋವಿ ಕೊಂಡರು ಎಂಬ ಕಥೆಯನ್ನು ಆಲ್ಬನಿಯ ಕನ್ನಡದವರ ಊಟದ ಮನೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಕಳ್ಳರ ಭಯಕ್ಕೆ ಕೊಂಡರು ಎನ್ನುವವರೂ ಇದ್ದಾರೆ. ಎರಡೂ ನಿಲ್ಲುವ ವಾದಗಳಲ್ಲ. ಕೋವಿ ಕೊಳ್ಳುವಾಗ ಅಂಕಲ್ ಬದುಕಿದ್ದರು. ಬದುಕಿದ್ದಷ್ಟೇ ಅಲ್ಲ, ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಇದು ಬೇಡ, ಅದು ತೋರಿಸಿ ಎನ್ನುತ್ತಿದ್ದರು. ಇನ್ನು ಕಳ್ಳರ ವಿಷಯ... ಆಂಟಿ ಹಿಂಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ನೋಡಿದ್ದೇ ಕಡಿಮೆ. ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವಳು ನಾನು. ಕಥೆ ಹೇಳುವವರಲ್ಲಿ ಯಾರೂ ಅಲ್ಲಿರಲಿಲ್ಲ.

ಇದೆಲ್ಲ ಮತ್ತೆ ನೆನಪಾಗಿದ್ದು ಒಂದು ವಾಸನೆಯಿಂದ. ಈಗ ನನ್ನ ಕೆಲಸ ಈಸ್ಟ್ ತಮಾಕಿಯಲ್ಲಿ. ನಮ್ಮ ಆಫೀಸಿನ ಪಕ್ಕದ ಶೆಡ್ಡಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುತ್ತಾರೆ. ಹೋದ ವಾರ ಕಾಫಿ ಹಿಡಿದು ಆ ಕಡೆ ಹೋದಾಗ ಒಬ್ಬಾತ ಹಳೆಯ ಬಟ್ಟೆಯಲ್ಲಿ ಯಾವುದೋ ಬಿಡಿಭಾಗ ಒರೆಸುತ್ತಿದ್ದ. ತೆಳ್ಳನೆಯ ಎಣ್ಣೆಯ, ಸ್ವಲ್ಪ ಸಿಹಿಯಾದ ವಾಸನೆ. ಅಂಕಲ್‌ರ ಹಳೆಯ ಬನಿಯನ್ ಹರಿದು ಆಂಟಿ ಕೋವಿಯ ನಳಿಗೆ ಒರೆಸುವಾಗ ಅಡುಗೆಮನೆಯಲ್ಲಿ ತುಂಬಿಕೊಳ್ಳುತ್ತಿದ್ದ ಅದೇ ವಾಸನೆ. ಕಾಫಿ ಆರುವವರೆಗೆ ಅಲ್ಲೇ ನಿಂತಿದ್ದೆ...

ಆಂಟಿ, ಅಂಕಲ್ ಇಬ್ಬರೂ ಕೊಡಗಿನವರು. ಆಂಟಿ ಹ್ಯಾಮಿಲ್ಟನ್ನಿನಲ್ಲಿ ವೃದ್ಧರ ವಾರ್ಡಿನ ನರ್ಸ್. ರೋಗಿಗಳನ್ನು ಎತ್ತಿ ಕೂರಿಸಿ ಕೂರಿಸಿ ಬಲಭುಜ ಹಾಳಾಗಿತ್ತು. ಅಂಕಲ್‌ರ ಹೃದಯ ದಿನೇ ದಿನೇ ಸೋಲುತ್ತಿತ್ತು. ಕಾಲು ಊದಿಕೊಳ್ಳುತ್ತಿತ್ತು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಮಾತು ಮಾತ್ರ ಗಟ್ಟಿ. ನಾನು ಮೈಸೂರಿನಿಂದ ಓದಲು ಬಂದವಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು, ಯಾರು ಏನೇ ಹೇಳಿದರೂ "ಆಧಾರ ಏನು?" ಎಂದು ಕೇಳುವ ಚಟ. ಅಂಕಲ್ ನನ್ನನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅಕ್ಕಿ ರೊಟ್ಟಿ ಮುರಿಯುತ್ತಾ ಅಂಕಲ್, ಮಳೆ ಬರಬಹುದು ಎನ್ನುವ ಧಾಟಿಯಲ್ಲೇ ಹೇಳಿದರು: "ನಾನು ಹೋದಾಗ ಎರಡು ಈಡು ಹೊಡೆಸಬೇಕು."

ಅವರ ಕಡೆ ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಾರಂತೆ. ಆ ಸದ್ದು ಕೇಳಿದರೆ ಆಚೆ ಗುಡ್ಡದವರಿಗೂ ಸುದ್ದಿ ತಿಳಿದಂತೆ. ಗಂಡು ಹುಟ್ಟಿದರೆ ಒಂದು ಗುಂಡು. ನಾನು ಸುಮ್ಮನಿರುತ್ತೇನೆಯೇ, ಹೆಣ್ಣು ಹುಟ್ಟಿದರೆ ಎಂದೆ.

"ಇಲ್ಲ," ಎಂದರು ಆಂಟಿ, ಒಲೆಯ ಕಡೆಯಿಂದ ತಿರುಗದೆ. "ಸತ್ತರೆ ಎರಡು ಉಂಟು. ಸಮಾನತೆ ಬೇಕಾದರೆ ಸಾಯಬೇಕು ಕುಂಞಿ." ಮಗು ಎನ್ನುವುದಕ್ಕೆ ಅವರ ಮಾತಿನಲ್ಲಿ ಕುಂಞಿ.

"ಇಲ್ಲಿ ಯಾರಿಗೆ ಕೇಳಿಸಬೇಕು ಅಂಕಲ್? ಪಕ್ಕದ ಮನೆಯವರಿಗೆ ಕೇಳಿಸಿದ್ರೆ ಪೊಲೀಸ್ ಬರ್ತಾರೆ. ವಾಟ್ಸಾಪ್ ಹಾಕಿದ್ರೆ ಆಗಲ್ವಾ?"

"ನನಗೆ ಕೇಳಿಸಿದರೆ ಸಾಕು ಲಾಯರಮ್ಮ."

"ಸತ್ತೋರಿಗೆ ಕೇಳಿಸಲ್ಲ."

"ನೀನು ಸತ್ತು ನೋಡಿದ್ದೀಯಾ?"

ಆಂಟಿ ರೊಟ್ಟಿ ಬೇಯಿಸುವುದನ್ನು ಬಿಟ್ಟು ನಗತೊಡಗಿದರು. ನಗು ನಿಂತ ಮೇಲೆ ಅಂಕಲ್‌ರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಒಬ್ಬಳೇ ಮಗಳು ಪರ್ತ್‌ನಲ್ಲಿದ್ದಳು, ಕೋವಿ ಮುಟ್ಟಿದವಳಲ್ಲ. ಅಣ್ಣತಮ್ಮಂದಿರೆಲ್ಲ ಊರಿನಲ್ಲಿ. ಹೊಡೆಯುವವರು ಯಾರು ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಒಂದೇ ಉತ್ತರವಿತ್ತು, ಅದು ಒಲೆಯ ಮುಂದೆ ನಿಂತಿತ್ತು. ಅಂಕಲ್‌ರ ಹೃದಯ ಎಷ್ಟು ಕಾಲ ತಡೆಯುತ್ತದೆ ಎಂಬುದೂ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಂಟಿಗೇ ಗೊತ್ತಿತ್ತು. ಮರುದಿನವೇ ಲೈಸೆನ್ಸಿಗೆ ಅರ್ಜಿ ಹಾಕಲು ಕೂತರು.

ಕೊಡವರಿಗೆ ಊರಿನಲ್ಲಿ ಕೋವಿಗೆ ಲೈಸೆನ್ಸ್ ಬೇಡ. ಹುಟ್ಟಿದ ಮಾತ್ರಕ್ಕೆ ಹಕ್ಕು ಬರುವುದು ಯಾವ ನ್ಯಾಯ ಎಂದು ನಾನು ಅದಕ್ಕೂ ಜಗಳ ತೆಗೆದಿದ್ದೆ. "ಇಲ್ಲಿ ಪರೀಕ್ಷೆ ಬರೆದೇ ತಗೊಳ್ತೇನೆ, ಸಾಕಾ?" ಎಂದು ಆಂಟಿ ಸುರಕ್ಷತೆಯ ಪುಸ್ತಕ ಹಿಡಿದು ಓದಿದರು. ಬೀಗದ ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಹಾಕಿಸಿದರು. ಮನೆಗೆ ವಿಚಾರಿಸಲು ಬರುವ ಅಧಿಕಾರಿಗೆ ದನದ ಫಾರ್ಮಿನಲ್ಲಿ ಮೊಲ ಹೊಡೆಯಲು ಎಂದಷ್ಟೇ ಹೇಳಿ, ಸಾವಿನ ವಿಷಯ ಬೇಡ ಎಂಬುದು ನನ್ನ ಸಲಹೆಯಾಗಿತ್ತು. ಆಂಟಿ ಎರಡನ್ನೂ ಹೇಳಿದರು. ಅಧಿಕಾರಿ ಪೆನ್ನು ಕೆಳಗಿಟ್ಟು, ಎಲ್ಲಿ ಹೊಡೆಯುತ್ತೀರಿ ಎಂದು ಕೇಳಿದ. ವಾರ್ಡಿನ ಗೆಳತಿಯ ಫಾರ್ಮಿನಲ್ಲಿ, ಅವಳ ಒಪ್ಪಿಗೆ ಉಂಟು, ಎಂದರು. ಆಮೇಲೆ ರೂಢಿಯಂತೆ ಗಂಡನನ್ನು ಬೇರೆಯಾಗಿ ಮಾತಾಡಿಸಬೇಕಿತ್ತು. ಹೆಂಡತಿಯ ಕೈಗೆ ಕೋವಿ ಬಂದರೆ ನಿಮಗೇನಾದರೂ ಭಯವೇ? ಅಂಕಲ್ ಕೊಟ್ಟ ಉತ್ತರ ಗೋಡೆಯಾಚೆ ನಮ್ಮಿಬ್ಬರಿಗೂ ಕೇಳಿಸಿತು: ಇಷ್ಟು ವರ್ಷದಿಂದ ನನಗೆ ಇಂಜೆಕ್ಷನ್ ಕೊಡುತ್ತಿರುವವಳು ಅವಳೇ, ಮನಸ್ಸಿದ್ದರೆ ಕೋವಿಯ ಖರ್ಚು ಯಾಕೆ ಮಾಡುತ್ತಾಳೆ?

ಲೈಸೆನ್ಸ್ ಬಂತು. ಆರಿಸುವುದೇ ದೊಡ್ಡ ಪಾಡಾಯಿತು.

ಅಂಕಲ್‌ಗೆ ಊರಿನ ಮನೆಯಲ್ಲಿದ್ದಂಥ ಜೋಡುನಳಿಗೆ ಬೇಕಿತ್ತು. ಅಂಗಡಿಯವನು ತಂದುಕೊಟ್ಟ. ಆಂಟಿ ಭುಜಕ್ಕೆ ಏರಿಸಿದರು, ತುಟಿ ಕಚ್ಚಿ ಇಳಿಸಿದರು. ಭಾರ. ಗುಂಡು ಹಾರುವಾಗ ಅದು ಕೊಡುವ ಒದೆತವಂತೂ ಆ ಭುಜ ತಡೆಯುವ ಮಾತೇ ಅಲ್ಲ. ಆಗ ಅವನು ಒಳಗಿನಿಂದ ಇನ್ನೊಂದನ್ನು ತಂದ. ಪುಟ್ಟದು, ಹಗುರ. ನಡುವೆ ಮಡಚಿ ಬೆನ್ನುಚೀಲಕ್ಕೆ ಹಾಕಿಕೊಳ್ಳಬಹುದು, ಯೂಟ್ ಎನ್ನುವ ಪಿಕಪ್ ಗಾಡಿಯ ಸೀಟಿನ ಹಿಂದೆ ಆರಾಮಾಗಿ ಕೂರುತ್ತದೆ. ನಳಿಗೆ ಎರಡು, ಆದರೆ ಅಕ್ಕಪಕ್ಕವಲ್ಲ, ಒಂದರ ಮೇಲೊಂದು. ಮೇಲಿನದು ಸಣ್ಣ ರೈಫಲ್, ಒಂದೇ ಗುಂಡು ದೂರಕ್ಕೆ ಹೋಗುತ್ತದೆ. ಕೆಳಗಿನದು ಸೀಸದ ಕಾಳಿನಂಥ ಚರೆ ಚೆಲ್ಲುವ ಸಣ್ಣ ಶಾಟ್‌ಗನ್. ಕೂತ ಮೊಲಕ್ಕೆ ಮೇಲಿನದು, ಓಡುವ ಮೊಲಕ್ಕೆ ಕೆಳಗಿನದು. ಯಾವ ನಳಿಗೆ ಎಂಬುದನ್ನು ಒಂದು ಗುಂಡಿ ತಳ್ಳಿ ಆರಿಸಬೇಕು.

ನಾನು ವಿರೋಧ ಪಕ್ಷ ವಹಿಸಿದೆ. ಎರಡು ಕೆಲಸ ಮಾಡುವ ಸಾಮಾನು ಎರಡನ್ನೂ ಅರ್ಧಂಬರ್ಧ ಮಾಡುತ್ತದೆ ಎಂದೆ. ಪ್ರತಿ ನಳಿಗೆಗೂ ಒಂದೊಂದೇ ಗುಂಡು, ತಪ್ಪಿದರೆ ಮೊಲ ಬಿಲ ಸೇರಿರುತ್ತದೆ ಎಂದೆ.

"ನನಗೆ ಬೇಕಾಗಿರುವುದೂ ಎರಡೇ," ಎಂದರು ಆಂಟಿ. ಅಂಗಡಿಯವನಿಗೆ ನಮ್ಮ ಮಾತು ತಿಳಿಯದಿದ್ದರೂ, ಅಂಕಲ್ ಆಂಟಿಯ ಮೊಣಕೈ ಸವರಿದ್ದು ಕಂಡಿರಬೇಕು. ಅವನು ಬೇರೆ ಕಪಾಟು ಸರಿಪಡಿಸಲು ಹೋದ.

ಆದರೆ ನನ್ನ ಹತ್ತಿರ ಇನ್ನೊಂದು ವಾದ ಉಳಿದಿತ್ತು, ಅದು ತಮಾಷೆಯದಲ್ಲ. ಊರಿನಲ್ಲಿ ಆಕಾಶಕ್ಕೆ ಹೊಡೆಯುತ್ತೀರಿ. ಚರೆ ಮೇಲೆ ಹೋಗಿ ಜಲ್ಲನೆ ಉದುರುತ್ತದೆ, ಸರಿ. ರೈಫಲ್ಲಿನ ಗುಂಡು ಹಾಗಲ್ಲ, ಎಲ್ಲೋ ದೂರ ಬೀಳುತ್ತದೆ, ಬೀಳುವ ಕಡೆ ಯಾರಿರುತ್ತಾರೋ. ಅಂದಮೇಲೆ ಈ ಕೋವಿಯಲ್ಲಿ ಸಾವಿಗೆ ಹೊಡೆಯಬಹುದಾದ ಈಡು ಒಂದೇ. ಆಂಟಿ ಕೋವಿಯನ್ನು ಅಂಗಡಿಯವನಿಗೆ ಹಿಂದಿರುಗಿಸಿದರು. ಆ ದಿನ ಏನನ್ನೂ ಕೊಳ್ಳದೆ ಮನೆಗೆ ಬಂದೆವು. ವಾದ ಗೆದ್ದ ಸಂತೋಷ ನನಗೆ ಹುಟ್ಟಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಬಂದ ಆಂಟಿ, ಶೂ ಬಿಚ್ಚುವ ಮೊದಲೇ ತೀರ್ಪು ಕೊಟ್ಟರು. "ಚರೆ ಆಕಾಶಕ್ಕೆ, ಗುಂಡು ಮಣ್ಣಿಗೆ. ಫಾರ್ಮಿನಲ್ಲಿ ದೊಡ್ಡ ಮಣ್ಣಿನ ದಿಬ್ಬ ಉಂಟು. ಅದಕ್ಕೆ ಹೊಡೆದರೆ ಯಾರಿಗೂ ಎಂತದ್ದೂ ಆಗುವುದಿಲ್ಲ."

"ಶಾಸ್ತ್ರದಲ್ಲಿ ಹಾಗೆ ಮಾಡಬಹುದಾ?" ಎಂದೆ.

"ಸಾಯುವವನು ನಾನು," ಎಂದರು ಅಂಕಲ್. "ನಾನೇ ಒಪ್ಪಿದ್ದೇನಲ್ಲ. ಮಣ್ಣಿಗೂ ಒಂದು ಮಾತು ತಿಳಿಸಿದ ಹಾಗಾಯಿತು."

ಹಾಗೆ ಆ ಪುಟ್ಟ ಕೋವಿ ಮನೆಗೆ ಬಂತು. ರಜೆಯ ದಿನ ಆಂಟಿ ಫಾರ್ಮಿಗೆ ಹೋಗಿ ಮೊಲ ಹೊಡೆಯುತ್ತಿದ್ದರು. ಗೆಳತಿಯ ಗಂಡನ ಯೂಟಿನಲ್ಲಿ ಕಂಬಳಿ ಹೊದ್ದು ಕೂತ ಅಂಕಲ್ ಕಿಟಕಿಯಿಂದಲೇ ತಪ್ಪು ಎಣಿಸುತ್ತಿದ್ದರು. "ಸಿಸ್ಟರಮ್ಮ, ಅದು ಮೊಲ, ಪೇಷೆಂಟ್ ಅಲ್ಲ, ಹೇಳಿ ಕೇಳಿ ಹೊಡೆಯಬೇಡ!" ಸಂಜೆ ಕಾಚಂಪುಳಿ ಎನ್ನುವ ಕೊಡಗಿನ ಕಪ್ಪು ಹುಳಿ ಬೆರೆಸಿದ ಮೊಲದ ಸಾರು. ಆ ಕೆಲವು ತಿಂಗಳು ಆ ಮನೆಯಲ್ಲಿ ಸಾವಿನ ತಯಾರಿ ನಡೆಯುತ್ತಿತ್ತು ಎಂದರೆ ಯಾರೂ ನಂಬಲಾರರು... ಅಷ್ಟು ನಗು.

ಅಂಕಲ್ ಚಳಿಗಾಲದ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದರು. ಮಧ್ಯಾಹ್ನ ಆಂಟಿ ಮುಖ ತೊಳೆದು, ಕೋವಿ ತೆಗೆದುಕೊಂಡು, ನನ್ನನ್ನು ಕರೆದುಕೊಂಡು ಫಾರ್ಮಿಗೆ ಹೋದರು. ಗೆಳತಿ ದನಗಳನ್ನು ದೂರದ ಬೇಲಿಯಾಚೆ ಅಟ್ಟಿದ್ದಳು. ಆಂಟಿ ಎರಡೂ ನಳಿಗೆಗೆ ತೋಟಾ ತುಂಬಿದರು. ಮೊದಲನೆಯದು ಆಕಾಶಕ್ಕೆ. ಸದ್ದು ಬಯಲಿನ ಮೇಲೆ ಉರುಳುತ್ತಾ ಹೋಯಿತು. ಗುಂಡಿ ತಳ್ಳಿ, ದಿಬ್ಬದ ಕಡೆ ತಿರುಗಿ ಗುರಿ ಹಿಡಿದರು. ಹಾಗೇ ನಿಂತರು, ಬಹಳ ಹೊತ್ತು. ಆಮೇಲೆ ಕೋವಿಯನ್ನು ನಡುವೆ ಮಡಚಿ ತೆರೆದು, ಹಾರಿಸದ ತೋಟಾವನ್ನು ಬೆರಳಿನಿಂದ ಎಳೆದು ಕೋಟಿನ ಜೇಬಿಗೆ ಹಾಕಿಕೊಂಡರು.

ಕಾರಿನಲ್ಲಿ ಕೇಳಿದೆ. "ಆಂಟಿ, ಇನ್ನೊಂದು?"

"ಮನೆಯಲ್ಲಿ ಜನ ಕಾಯ್ತಾ ಇರ್ತಾರೆ ಕುಂಞಿ. ಬೆಲ್ಟ್ ಹಾಕಿಕೋ."

ಕೋವಿ ಕೈಕೊಟ್ಟಿತು, ಈ ಎರಡು ಕೆಲಸದ ಸಾಮಾನುಗಳೇ ಹೀಗೆ ಎನ್ನುತ್ತಾರೆ ಆಲ್ಬನಿಯವರು. ಕೈಕೊಟ್ಟಿರಲಿಲ್ಲ, ಕಣ್ಣಾರೆ ಕಂಡಿದ್ದೇನೆ. ಕೊಡಗು ಬಲ್ಲವರೊಬ್ಬರು, ಒಂದೇ ಈಡು ಎಂದರೆ ಹುಟ್ಟು, ಗಂಡನನ್ನು ಮತ್ತೆ ಹುಟ್ಟಿಸಿದರು ಎಂದು ವ್ಯಾಖ್ಯಾನ ಮಾಡಿದರು. ಕೇಳಲು ಚೆಂದ. ಆಧಾರವಿಲ್ಲ. ಆಂಟಿ ಅಂಥ ನಾಟಕದ ಹೆಂಗಸಲ್ಲ.

ನನ್ನ ಬಳಿ ಇರುವ ಸಾಕ್ಷ್ಯ ಬೇರೆ. ಕೋವಿಯನ್ನು ಬೇಗನೇ ಗೆಳತಿಯ ಗಂಡನಿಗೆ ಮಾರಿದರು. ಆದರೆ ನಾನು ಆ ಮನೆ ಬಿಡುವವರೆಗೂ ಸಾರಿಗೆ ಮೆಣಸು ಹಾಕುವಾಗ "ಅವರಿಗೆ ಖಾರ ಆಗುವುದಿಲ್ಲ" ಎಂದು ಕೈ ತಡೆಯುತ್ತಿದ್ದರು. ಆಗುತ್ತಿರಲಿಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. ಎಲ್ಲವನ್ನೂ ತಿದ್ದುವ ನಾನು ಅದನ್ನು ತಿದ್ದಲಿಲ್ಲ.

ಆಮೇಲೆ ಅವರು ಮಗಳ ಬಳಿ ಪರ್ತ್‌ಗೆ ಹೋದರು. ಕಳೆದ ವರ್ಷ ಅಲ್ಲೇ ತೀರಿಹೋದರು. ಮಗಳು ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು, ಅತ್ತಳು. ಈಡು ಹೊಡೆಯುವವರು ಅಲ್ಲಿ ಯಾರೂ ಇರಲಿಲ್ಲ. ನನ್ನ ಜೊತೆ ಸಮಕ್ಕೆ ಸಮ ಜಗಳವಾಡುತ್ತಿದ್ದ ಇಬ್ಬರೂ ಈಗ ಇಲ್ಲ. ಗೆದ್ದರೂ ಸೋತರೂ ಒಂದೇ ಆಗಿರುವ ವಾದಗಳು ನನ್ನ ಹತ್ತಿರ ಬೇಕಾದಷ್ಟಿವೆ. ಆಲ್ಬನಿಯ ಊಟದ ಮನೆಗಳಲ್ಲಿ ಇನ್ನು ನಾನು ಯಾರನ್ನೂ ಕೆಣಕಲಾರೆ. ಕೇಳಬೇಕಾದದ್ದು ನಿಮ್ಮನ್ನೇ. ಆಂಟಿ, ಎರಡನೆಯದನ್ನು ಹೊಡೆಯದೆ ಅಂಕಲ್‌ರನ್ನು ಇನ್ನಷ್ಟು ಕಾಲ ನಿಮ್ಮ ಹತ್ತಿರವೇ ಇಟ್ಟುಕೊಂಡಿರಾ?