ಪದ್ಮಕ್ಕನ ‘ಎ’

ಪದ್ಮಕ್ಕಾ, ನಿಮ್ಮ ಅವ್ವನ ದನಿಯನ್ನು ಅಳಿಸಿದ್ದು ನಾನು. ನೀವಲ್ಲ. ಇಷ್ಟು ವರ್ಷ ಬಾಯಿ ಬಿಡಲಿಲ್ಲ — ಧೈರ್ಯವಿರಲಿಲ್ಲ ಎಂದರೆ ಅದೂ ಅರ್ಧ ಸುಳ್ಳು. ನಿಮ್ಮ ಕಣ್ಣಿಗೆ ಜಾಣನಾಗಿಯೇ ಉಳಿಯಬೇಕಿತ್ತು ನನಗೆ.

ಚಿಕ್ಕೋಡಿಯ ವಾಚನಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಶಾಲೆಯ ಕೆಲಸದಿಂದ ನಿವೃತ್ತರಾದ ನೀವು ಕರೋಶಿಯಿಂದ ಬಸ್ಸಿಗೆ ಬರುತ್ತಿದ್ದಿರಿ. ಭೋಜ ಊರಿನ ಅಜ್ಜಿಯರು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳುವ ಬೀಸುವ ಪದಗಳು ನಿಮ್ಮ ಪುಟ್ಟ ರೆಕಾರ್ಡರಿನಲ್ಲಿರುತ್ತಿದ್ದವು. ಮೊದಲು ತುಂಬಿಕೊಂಡಿದ್ದು ನಿಮ್ಮ ಅವ್ವನ ಹಾಡುಗಳನ್ನು. ಆ ವರ್ಷವೇ ಅವರು ತೀರಿಕೊಂಡರು. ಎಲ್ಲವನ್ನೂ ಒಂದೇ ಕಡತದಲ್ಲಿ ಕಟ್ಟಿಡುತ್ತಿದ್ದೆವು. ಅದಕ್ಕೆ ನೀವು ‘ಗಂಟು’ ಎನ್ನುತ್ತಿದ್ದಿರಿ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಹೊಸ ಹಾಡುಗಳು ಗಂಟಿಗೆ ಸೇರುತ್ತಿದ್ದವು. ಆಮೇಲೆ ರೆಕಾರ್ಡರ್ ಖಾಲಿ ಮಾಡುತ್ತಿದ್ದಿರಿ. ಆ ಸಾಲನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲೇ ಬರೆದುಕೊಂಡಿದ್ದಿರಿ. ಕೊನೆಯ ಅಕ್ಷರ ಇಂಗ್ಲಿಷಿನ ‘ಎ’ — ಮರೆಯದಿರಲೆಂದು ಪಕ್ಕದಲ್ಲಿ ‘ಅವ್ವ’.

ಗಂಟು ಕಟ್ಟುವ ಹಳೆಯ ತಂತ್ರಾಂಶ ಬಲು ನಿಧಾನ. ನನಗೋ ಹೊಸತರ ಹುಚ್ಚು.

“ತಮ್ಮಾ, ನನ್ನ ಸಾಲ ಮಾತ್ರ ಬದಲ ಮಾಡಬ್ಯಾಡ. ಹೊಸಾದು ಈ ತಲಿಗೆ ಹತ್ತಂಗಿಲ್ಲ,” ಎಂದಿರಿ.

“ಏನೂ ಬದಲಾಗಂಗಿಲ್ರಿ ಅಕ್ಕಾರ, ಅದ ಸಾಲ ನಡೀತೈತಿ,” ಎಂದೆ.

ಹೊಸ ತಂತ್ರಾಂಶ ಹಾಕಿ, ನಿಮ್ಮ ಸಾಲು ಹಾಗೆಯೇ ನಡೆಯಲೆಂದು ಅದಕ್ಕೆ ಹಳೆಯದರ ಹೆಸರನ್ನೇ ಇಟ್ಟೆ. ಹಳೆಯ ಗಂಟು ಯಾವುದೂ ಇಲ್ಲದ ಖಾಲಿ ಜಾಗದಲ್ಲಿ ಒಮ್ಮೆ ಓಡಿಸಿ ನೋಡಿದೆ — ನಡೆಯಿತು. ಹಳೆಯದರಲ್ಲಿ ‘ಎ’ ಎಂದರೆ ಇದ್ದ ಗಂಟಿಗೆ ಸೇರಿಸು; ಹೊಸದರಲ್ಲಿ, ಇದ್ದದ್ದನ್ನು ಅಳಿಸಿ ಹೊಸದಾಗಿ ಕಟ್ಟು. ಸೂಚನೆಯಲ್ಲಿ ಬರೆದೇ ಇತ್ತು. ನಾನು ಓದಲಿಲ್ಲ.

ಕೆಲವು ವಾರಗಳ ನಂತರ ಅವ್ವನ ದನಿ ಕೇಳಬೇಕೆನಿಸಿ ನೀವು ಗಂಟು ಬಿಚ್ಚಿದಿರಿ. ಕೊನೆಯ ಸಲ ಸೇರಿಸಿದ ಮೂರು ಹಾಡು ಬಿಟ್ಟು ಏನೂ ಇರಲಿಲ್ಲ. ಕನ್ನಡಕ ತೆಗೆದು, ಸೆರಗಿನಿಂದ ಒರೆಸುತ್ತಲೇ ಕೂತಿರಿ.

“ನನ್ನ ಕೈಲೇ ತಪ್ಪಾತು ಕಾಣತೈತಿ ತಮ್ಮಾ. ವಯಸ್ಸಾತು, ಏನರ ಒತ್ತಿರಬೇಕು.”

ಅಷ್ಟರಲ್ಲಿ ನನಗೆ ಎಲ್ಲ ಹೊಳೆದಿತ್ತು. ಆದರೂ —

“ಇರಬಹುದ್ರಿ ಅಕ್ಕಾರ.”

ಥೂ, ಎಂಥ ಮಾತಾಡಿಬಿಟ್ಟೆ! ಅಂದಿನಿಂದ ನೀವು ವಾಚನಾಲಯಕ್ಕೆ ಬರಲಿಲ್ಲ. ಕಳೆದ ವಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಮುಗಳಖೋಡದ ಅಜ್ಜಿಯೊಬ್ಬರು ಹಾಡು ಹೇಳುತ್ತೇನೆಂದು ಕರೆದರೂ ಹೋಗಲಿಲ್ಲವೆಂದಿರಿ. “ನಾ ಮುಟ್ಟಿದ್ದು ಉಳಿಯಂಗಿಲ್ಲಪಾ.” ಆಗಲೂ ನಾನು... ನಿಮ್ಮ ಚೀಲ ಬಸ್ಸಿಗೆ ಏರಿಸಿ ಕೈಬೀಸಿದೆ.

ನಾಳೆ ಕರೋಶಿಗೆ ಬರುತ್ತೇನೆ. ಈ ಕಾಗದವನ್ನು ನಿಮ್ಮೆದುರು ಕೂತು ನಾನೇ ಓದುತ್ತೇನೆ. ಅವ್ವನ ದನಿ ತಂದುಕೊಡಲಾರೆ. ಕ್ಷಮಿಸಿ ಎಂದು ಕೇಳುವ ಬಾಯಿಯೂ ನನಗಿಲ್ಲ. ಇಷ್ಟು ಮಾತ್ರ ಹೇಳಬೇಕು — ನೀವು ಒತ್ತಿದ ಅಕ್ಷರ ಪ್ರತಿಸಲವೂ ಸರಿಯಾಗಿಯೇ ಇತ್ತು, ಪದ್ಮಕ್ಕಾ.