ಮ್ಯಾಲಿಂದ ಒಮ್ಮೆ ನಡಸ್ರಿ

ಯಶವಂತನಗರದ ಗಣಿ ಕಚೇರಿಯಲ್ಲಿ ಲ್ಯಾಪ್‌ಟಾಪಿನ ನೋಟ್‌ಬುಕ್ ತೋರಿಸುತ್ತಿದ್ದೆ. ಅದರಲ್ಲಿ ಕೋಡನ್ನು ತುಂಡುತುಂಡಾಗಿ ಬರೆದರೆ ಉತ್ತರ ಕೆಳಗೇ ಬರುತ್ತದೆ. ಅದಿರಿನ ಗುಣಮಟ್ಟದ ಗ್ರಾಫ್ ಚಂದ ಬಂದಿತ್ತು. ನನಗೆ ಕೆಲಸ ಸಿಗುವುದು ಅದರ ಮೇಲೇ ನಿಂತಿತ್ತು.

ಲ್ಯಾಬಿನ ಹಿರಿಯರೊಬ್ಬರು, "ಭಾಳ ಚಲೋ ಐತ್ರಿ. ಎಲ್ಲಾ ಬಂದ್ ಮಾಡಿ ಮ್ಯಾಲಿಂದ ಒಮ್ಮೆ ನಡಸ್ರಿ," ಅಂದರು.

ಅಚ್ಚುಕಟ್ಟಾಗಿ ಕಾಣಲೆಂದು ಬೆಳಿಗ್ಗೆ ನಡುವಿನ ಒಂದು ತುಂಡು ಅಳಿಸಿದ್ದೆ. ಅದರ ಉತ್ತರ ಇನ್ನೂ ಮಷೀನಿನ ನೆನಪಿನಲ್ಲಿ ಇದ್ದದ್ದರಿಂದ ಗ್ರಾಫ್ ಉಳಿದಿತ್ತು, ಅಷ್ಟೇ; ಬಂದ್ ಮಾಡಿದರೆ ಆ ನೆನಪೂ ಹೋಗುತ್ತದೆ.

"ಟೈಮ್ ಹಿಡಿಯುತ್ತೆ ಸರ್."

"ಹಿಡೀಲಿ ಬಿಡ್ರಿ, ಚಾ ಕುಡಿಯೂಣು."

ನಡೆಸಿದೆ. ಮೂರನೇ ತುಂಡಿಗೇ ತೆರೆಯ ಮೇಲೆ ತಪ್ಪು ತೋರಿಸುವ ಕೆಂಪು ಅಕ್ಷರ ಬಂತು, ಗ್ರಾಫ್ ಮಾಯ.

ಅವರು ಬೈಯಲಿಲ್ಲ. "ನಾವು ಪರೀಕ್ಷೆಗೆ ಬಂದ ಅದಿರಿನಾಗ ಅರ್ಧ ಎತ್ತಿಡ್ತೀವ್ರಿ, ಯಾರರ ತಕರಾರು ಮಾಡಿದ್ರ ತಿರುಗಿ ನೋಡಾಕ. ನೀವು ಏನ್ ಎತ್ತಿಟ್ಟೀರಿ?"

ನನ್ನ ಫೋನಿನಲ್ಲಿ ಆ ಗ್ರಾಫಿನ ಫೋಟೊ ಇತ್ತು, ಅಳಿಸಿದ ತುಂಡು ಅದರಲ್ಲಿ ಇರಲಿಲ್ಲ. ತೋರಿಸಲಿಲ್ಲ.